ಚೆಸ್ ಸಾಯಲಿಲ್ಲ ನಿಜ, ಆದರೆ ಯಂತ್ರ ಯಾರದ್ದು?

2024ರ ಡಿಸೆಂಬರ್ 12. ಸಿಂಗಪುರದಲ್ಲಿ ವಿಶ್ವ ಚೆಸ್ ಚಾಂಪಿಯನ್‌ಶಿಪ್‌ನ ಹದಿನಾಲ್ಕನೇ ಪಂದ್ಯ. 55ನೇ ನಡೆಯಲ್ಲಿ ಡಿಂಗ್ ಲಿರೆನ್ ತಮ್ಮ ಆನೆಯನ್ನು ತಪ್ಪು ಮನೆಗೆ ಸರಿಸಿದರು. ಮೊಬೈಲ್‌ನಲ್ಲಿ ನೋಡ್ತಿದ್ದ ನನಗೆ ಅದು ತಪ್ಪು ಅಂತ ತಕ್ಷಣ ಗೊತ್ತಾಯಿತು. ನಾನೇನು ದೊಡ್ಡ ಆಟಗಾರನಲ್ಲ, ಪರದೆಯಲ್ಲಿದ್ದ ಕಂಪ್ಯೂಟರ್ ಇಂಜಿನ್ ಹೇಳಿತು ಅಷ್ಟೇ. ಎದುರಿಗೆ ಕೂತಿದ್ದ 18ರ ಹುಡುಗ ಗುಕೇಶ್ ಮಾತ್ರ ಅದನ್ನು ತಾನೇ ಕಂಡುಹಿಡಿಯಬೇಕಿತ್ತು. ಕಂಡುಹಿಡಿದರು, ಗೆದ್ದರು. ಆ ಕೆಲವು ಸೆಕೆಂಡುಗಳಿಗಾಗಿಯೇ ನಾನು ಚೆಸ್ ನೋಡೋದು.

ಎಐ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೂ ಚೆಸ್ಸಿನ ಉದಾಹರಣೆ ಕೊಡ್ತಾರೆ. "ಕಂಪ್ಯೂಟರ್ ಬಂದ್ರೆ ಚೆಸ್ ಕಥೆ ಮುಗೀತು ಅಂದಿದ್ರು, ಮುಗೀತಾ? ನಿಮ್ಮ ಕೆಲಸಕ್ಕೂ ಏನೂ ಆಗಲ್ಲ ಬಿಡಿ." ಭಾನುವಾರ ನನ್ನ ಜೊತೆ ಆಡುವ ಗೆಳೆಯನಿಗೂ ಇದೇ ಸಮಾಧಾನ ಹೇಳಿದ್ದರು. ಕಳೆದ ವರ್ಷ ಅವನ ಕಂಪನಿ ಅನುವಾದದ ತಂಡವನ್ನೇ ಮನೆಗೆ ಕಳಿಸಿತು.

ಹಾಗಾದರೆ ಚೆಸ್ ಉಳಿದದ್ದು ಹೇಗೆ? ಸರಿಯಾದ ನಡೆಗಾಗಿ ಒದ್ದಾಡುವ ಮನುಷ್ಯರನ್ನು ನೋಡೋಕೆ ನಮಗೆ ಇಷ್ಟ. ಬೈಕ್ ಬಂದ ಮೇಲೂ ಓಟದ ಸ್ಪರ್ಧೆ ನಿಂತಿಲ್ಲವಲ್ಲ, ಹಾಗೆ. ಅನುವಾದ ಕೊಳ್ಳುವವರಿಗೆ ಯಾರ ಒದ್ದಾಟವೂ ಬೇಡ. ಫೈಲ್ ಬೇಕು, ಅದೂ ಅಗ್ಗಕ್ಕೆ. ಆದ್ದರಿಂದ ಈ ಸಮಾಧಾನ ಪೊಳ್ಳು.

ಚೆಸ್ ಇತಿಹಾಸದಲ್ಲಿ ನಾವು ಕಲಿಯಬೇಕಾದ ಪಾಠ ಬೇರೆಯೇ ಇದೆ. 1770ರಲ್ಲಿ ವಿಯೆನ್ನಾದ ಅರಮನೆಯಲ್ಲಿ ಕೆಂಪೆಲೆನ್ ಎಂಬಾತ 'ಟರ್ಕ್' ಎಂಬ ಚೆಸ್ ಆಡುವ ಯಂತ್ರ ತೋರಿಸಿದ. ಜನ ಬೆರಗಾದರು. ಪೆಟ್ಟಿಗೆಯೊಳಗೆ ಒಬ್ಬ ಆಟಗಾರ ಅವಿತು ಕೂತಿದ್ದ! ಶ್ರಮ ಒಳಗಿದ್ದವನದ್ದು, ಹೆಸರು ಯಂತ್ರದ್ದು. ಇಂದಿನ ಎಐಗೆ ಚಿತ್ರ, ಧ್ವನಿ, ಪಠ್ಯ ಗುರುತಿಸಿಕೊಡುವ ಸಾವಿರಾರು ಜನರ ಪಾಡೂ ಇದೇ ಅಲ್ವಾ?

1997ರ ಮೇನಲ್ಲಿ ಐಬಿಎಂನ ಡೀಪ್ ಬ್ಲೂ ಕಾಸ್ಪರೋವ್ ಅವರನ್ನು 3.5–2.5ರಿಂದ ಸೋಲಿಸಿತು. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಲೆಕ್ಕ ಹಾಕುತ್ತಿದ್ದ ಯಂತ್ರ ಅದು. ಕಾಸ್ಪರೋವ್ ಮರುಪಂದ್ಯ ಕೇಳಿದರು. ಕಂಪನಿ ಒಪ್ಪಲಿಲ್ಲ, ಯಂತ್ರವನ್ನೇ ಬಿಚ್ಚಿಟ್ಟಿತು. ಯಂತ್ರ ಅವರದ್ದು, ತೀರ್ಮಾನವೂ ಅವರದ್ದೇ.

ಈಗ ಸ್ಟಾಕ್‌ಫಿಶ್ ನೋಡಿ. 2008ರಲ್ಲಿ ಶುರುವಾದ ಈ ಇಂಜಿನ್ ಡೀಪ್ ಬ್ಲೂಗಿಂತ ಎಷ್ಟೋ ಬಲಶಾಲಿ. ನನ್ನ ಮೊಬೈಲ್‌ನಲ್ಲೇ ಇದೆ, ಒಂದು ರೂಪಾಯಿ ಖರ್ಚಿಲ್ಲ. ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಪ್ರತಿ ತಿದ್ದುಪಡಿಯನ್ನು ಪರೀಕ್ಷಿಸೋಕೆ ಸ್ವಯಂಸೇವಕರು ತಮ್ಮ ಕಂಪ್ಯೂಟರ್ ಬಿಟ್ಟುಕೊಡ್ತಾರೆ. ಚೆಸ್‌ಬೇಸ್ ಕಂಪನಿ ಪರವಾನಗಿಯ ಷರತ್ತು ಪಾಲಿಸದೆ ತಮ್ಮ ಕೋಡನ್ನು ಮಾರುತ್ತಿದೆ ಎಂದು ಸ್ಟಾಕ್‌ಫಿಶ್ ತಂಡ 2021ರಲ್ಲಿ ಜರ್ಮನಿಯ ಕೋರ್ಟಿಗೆ ಹೋಯಿತು. ಮರುವರ್ಷ ರಾಜಿಯಾಯಿತು, ಆ ಉತ್ಪನ್ನಗಳ ಮಾರಾಟ ನಿಲ್ಲಿಸಲು ಕಂಪನಿ ಒಪ್ಪಿತು. ಎಲ್ಲರ ಸೊತ್ತು ತಾನಾಗೇ ಉಳಿಯಲ್ಲ, ಉಳಿಸಿಕೊಳ್ಳಬೇಕು.

ಮುಕ್ತ ಕೋಡ್‌ನಿಂದ ನನ್ನ ಗೆಳೆಯನ ಸಂಬಳ ವಾಪಸ್ ಬರಲ್ಲ, ಗೊತ್ತು. ಅದಕ್ಕೆ ಕಾರ್ಮಿಕ ಕಾನೂನು ಬೇಕು, ಸಂಘಟನೆ ಬೇಕು. ಆದರೆ ಯಂತ್ರದ ಒಡೆತನದ ಪ್ರಶ್ನೆಯನ್ನು ಈಗಲೇ ಕೇಳದಿದ್ದರೆ ಆಮೇಲೆ ಕೇಳೋಕೆ ಏನೂ ಉಳಿದಿರಲ್ಲ. ಕೇಂದ್ರ ಸರ್ಕಾರ 2024ರಲ್ಲಿ ಇಂಡಿಯಾ ಎಐ ಮಿಷನ್‌ಗೆ 10,300 ಕೋಟಿ ರೂಪಾಯಿಗೂ ಹೆಚ್ಚು ಹಣಕ್ಕೆ ಒಪ್ಪಿಗೆ ಕೊಟ್ಟಿದೆ. ಅದು ನಮ್ಮ ತೆರಿಗೆ ಹಣ. ಆ ಹಣದಲ್ಲಿ ತಯಾರಾಗುವುದು ಸ್ಟಾಕ್‌ಫಿಶ್‌ನಂತೆ ಎಲ್ಲರ ಕೈಗೆ ಸಿಗುತ್ತದಾ, ಡೀಪ್ ಬ್ಲೂನಂತೆ ಯಾರದ್ದೋ ಬೀಗದೊಳಗೆ ಸೇರುತ್ತದಾ? ನಮ್ಮ ಸಂಸದರನ್ನು ಇದೊಂದು ಪ್ರಶ್ನೆ ಕೇಳೋಣ.