ಅಂಗಳದಲ್ಲಿ ಅಡಿಕೆ, ಒಳಗೆ ಇಬ್ಬರೇ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಈಗ ಹೆಚ್ಚಾಗಿ ಕಾಣೋದು ಇಬ್ಬರೇ: ಎಪ್ಪತ್ತು ದಾಟಿದ ಅಪ್ಪ, ಮಂಡಿನೋವಿನ ಅಮ್ಮ. ಮಕ್ಕಳು ಬೆಂಗಳೂರಲ್ಲಿ. ನಾನೂ ಆ ಮಕ್ಕಳಲ್ಲೊಬ್ಬ.

ಜಪಾನಿನಲ್ಲಿ ಹತ್ತರಲ್ಲಿ ಸುಮಾರು ಮೂವರು 65 ದಾಟಿದವರು. ನಮ್ಮಲ್ಲೂ 2050ರ ಹೊತ್ತಿಗೆ ಐವರಲ್ಲಿ ಒಬ್ಬರಿಗೆ 60 ಮೀರಿರುತ್ತದೆ ಅನ್ನೋದು ವಿಶ್ವಸಂಸ್ಥೆಯ ಅಂದಾಜು. ಮಲೆನಾಡಿನ ಒಂಟಿಮನೆಗಳಿಗೆ ಆ 2050 ಆಗಲೇ ಬಂದಾಗಿದೆ.

ದುಡ್ಡೇನೋ ಕಳಿಸಬಹುದು, ಕೊನೆ ತೆಗೆಯೋರು ಸಿಗಬೇಕಲ್ಲ? ಮಳೆಗಾಲದಲ್ಲಿ ಬೋರ್ಡೋ ಹೊಡೆಯೋಕೆ ಜನ ಬೇಕು. ಮೇಲೆ ಎಲೆಚುಕ್ಕೆ ರೋಗ. ಪಕ್ಕದ ಮನೆ ಅಂದ್ರೆ ಗುಡ್ಡದಾಚೆ. ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತೆ. ತುಮರಿ ಕಡೆಯವರಿಗಂತೂ 2025ರ ಜುಲೈನಲ್ಲಿ ಸೇತುವೆ ಆಗೋವರೆಗೆ, ರಾತ್ರಿ ಎದೆನೋವು ಬಂದರೆ ಲಾಂಚ್ ಇಲ್ಲ, ಸುತ್ತುದಾರಿಯೇ ಗತಿ.

"ಇಲ್ಲಿಗೇ ಬಂದ್ಬಿಡಿ" ಅನ್ನೋದು ಸುಲಭ. ಆದರೆ ಫ್ಲ್ಯಾಟಿಗೆ ಕೊಟ್ಟಿಗೆ ಬರಲ್ಲ, ಬಚ್ಚಲೊಲೆ ಬರಲ್ಲ, ಸಂಜೆ ಕವಳ ಹಾಕೋಕೆ ಜೊತೆಗಾರರೂ ಬರಲ್ಲ. ಹಾಗಂತ ವಾರಕ್ಕೊಂದು ವಿಡಿಯೋ ಕಾಲ್ ಸಾಲದು.

ಊರಿನ ಒಬ್ಬ ಜೀಪ್ ಡ್ರೈವರ್, ಒಬ್ಬ ನೆರೆಯವರ ನಂಬರು ನಿಮ್ಮ ಫೋನಲ್ಲಿರಲಿ. ಮಾತ್ರೆ ಚೀಟಿಯ ಫೋಟೋ ಇರಲಿ. ಹಿರಿಯರ ಸಹಾಯವಾಣಿ 14567 ಅಪ್ಪ-ಅಮ್ಮನಿಗೂ ಗೊತ್ತಿರಲಿ. ಹಬ್ಬಕ್ಕೆ ಹಾಕೋ ರಜೆಯಲ್ಲಿ ನಾಲ್ಕು ದಿನ ಕೊನೆಕೊಯ್ಲಿಗೂ ಇಟ್ಟುಕೊಳ್ಳಿ.

ಆಗ, ಅಡಿಕೆ ಸುಲಿಯುತ್ತಾ ಕೇಳಿ: "ಮುಂದಿನ ವರ್ಷ ಫಸಲು ಚೇಣಿಗೆ ಕೊಡೋಣವಾ?" ಮೊದಲ ದಿನ ಅಪ್ಪ ಉತ್ತರ ಕೊಡಲ್ಲ. ಮಾರನೇ ದಿನವೂ ಅಲ್ಲೇ ಕೂತಿರಿ.