ತೋಳು ಕುಗ್ಗಿದರೆ ಬಲ ಹೆಚ್ಚುತ್ತದೆ

ಮಗ್ಗದ ಮನೆಗಳಲ್ಲಿ ಬೆಳೆದವರಿಗೆ ಕಂಡಿಕೆ ಸುತ್ತುವ ಕೆಲಸ ಹೊಸದಲ್ಲ. ಒಂದು ಕೈ ರಾಟೆಯನ್ನು ತಿರುಗಿಸುತ್ತಿದ್ದರೆ ಇನ್ನೊಂದು ಕೈಯ ಬೆರಳುಗಳು ನೂಲನ್ನು ಆಚೆಗೂ ಈಚೆಗೂ ನಡೆಸುತ್ತವೆ. ಬೆರಳು ತಪ್ಪಿದರೆ ನೂಲು ಒಂದೆಡೆ ಗುಡ್ಡೆಯಾಗುತ್ತದೆ.

ಸೊಲ್ಲಾಪುರದ ನಮ್ಮ ಓಣಿಯ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಈ ಬೆರಳಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ಹೊರಟಿದ್ದ. ಅವನು ಸುತ್ತಬೇಕಾಗಿದ್ದುದು ನೂಲನ್ನಲ್ಲ, ತ್ರೀಡಿ ಪ್ರಿಂಟರಿನಲ್ಲಿ ಬಳಸುವ 1.75 ಮಿ.ಮೀ. ದಪ್ಪದ ಪ್ಲಾಸ್ಟಿಕ್ ತಂತುವನ್ನು. ಒಂದು ಮೋಟರು ಸ್ಪೂಲನ್ನು ತಿರುಗಿಸುತ್ತದೆ. ಎಸ್‌ಜಿ 90 ಎಂಬ, ಸುಮಾರು 9 ಗ್ರಾಂ ತೂಗುವ ಪುಟ್ಟ ಸರ್ವೊ ಮೋಟರು ತಂತುವನ್ನು ಅಕ್ಕಪಕ್ಕಕ್ಕೆ ನಡೆಸುತ್ತದೆ. ಸರ್ವೊಗೆ ಅವನು 10 ಸೆಂ.ಮೀ. ಉದ್ದದ ತೋಳು ಕಟ್ಟಿ, ಅದರ ತುದಿಯಲ್ಲಿ ತಂತು ಹಾಯುವ ಉಂಗುರವನ್ನಿಟ್ಟಿದ್ದ. ಯಂತ್ರ ಚಾಲೂ ಆದೊಡನೆ ತೋಳು ನಡುಗಿತು. ತಂತು ಎಳೆದತ್ತಲೇ ವಾಲಿತು.

ದೊಡ್ಡ ಮೋಟರು ಬೇಕೆಂದು ಹುಡುಗ ತಂದೆಯನ್ನು ಕೇಳಿದ. ಮಗ್ಗದ ಕೂಲಿಯಲ್ಲಿ ಸಂಸಾರ ಸಾಗಿಸುವ ತಂದೆಗೆ ಅದು ಹೊರೆ. ಬಂಧುವೊಬ್ಬರು, "ಕನ್ನಡ ಶಾಲೆಯ ಹುಡುಗರಿಗೆ ಇದೆಲ್ಲ ಯಾಕ ಬೇಕು?" ಎಂದರಂತೆ. ಹುಡುಗ ಮುಖ ಬಾಡಿಸಿಕೊಂಡು ಯಂತ್ರದೊಡನೆ ನನ್ನ ಬಳಿ ಬಂದ.

ಮೋಟರಿನ ವಿವರಪತ್ರದಲ್ಲಿ 1.8 ಕೆ.ಜಿ.-ಸೆಂ.ಮೀ. ಎಂದಿತ್ತು. ಹಾಗೆಂದರೇನೆಂದು ಕೇಳಿದೆ. "ಗೊತ್ತಿಲ್ಲರೀ ಸರ್" ಎಂದ. ಸನ್ನೆಯ ಪಾಠ ಕೇಳಿದೆ. ಬಲವನ್ನು ತೋಳಿನ ಉದ್ದದಿಂದ ಗುಣಿಸಬೇಕೆಂದು ತಡವರಿಸದೆ ಹೇಳಿದ. ವಿವರಪತ್ರದ ಅಂಕಿಯೂ ಅದೇ ಗುಣಲಬ್ಧ! ಅಕ್ಷದಿಂದ 1 ಸೆಂ.ಮೀ. ದೂರದಲ್ಲಿ ಈ ಮೋಟರು 1.8 ಕೆ.ಜಿ. ಭಾರಕ್ಕೆ ಎದುರು ನಿಲ್ಲಬಲ್ಲುದು, 10 ಸೆಂ.ಮೀ. ದೂರದಲ್ಲಿ 180 ಗ್ರಾಂ ಮಾತ್ರ. ತೋಳನ್ನು 4 ಸೆಂ.ಮೀ.ಗೆ ಇಳಿಸಿದರೆ ಅದು 450 ಗ್ರಾಂ ಆಗುತ್ತದೆ. ಇದು ಮೋಟರು ನಿಂತೇಹೋಗುವ ಅಂಚಿನ ಅಂಕಿ. ದಿನದ ದುಡಿಮೆಯನ್ನು ಅದರ ಅರ್ಧಕ್ಕಿಂತ ಕೆಳಗಿಡುವುದು ಕ್ಷೇಮ.

"ಗಿಡ್ಡ ತೋಳು ಸ್ಪೂಲಿನ ಎರಡೂ ಅಂಚು ಮುಟ್ಟತದೇನ್ರೀ?" ಎಂದು ಹುಡುಗ ಕೇಳಿದ. ಯೋಗ್ಯವಾದ ಪ್ರಶ್ನೆ. ಅವನ ಸ್ಪೂಲಿನ ಒಳ ಅಗಲ 6 ಸೆಂ.ಮೀ. ಅಷ್ಟನ್ನು ಕ್ರಮಿಸಲು ಉದ್ದ ತೋಳು ಸುಮಾರು 35 ಡಿಗ್ರಿ ತಿರುಗಿದರೆ ಸಾಕು. ಗಿಡ್ಡ ತೋಳು ಸುಮಾರು 97 ಡಿಗ್ರಿ ತಿರುಗಬೇಕು. ಸರ್ವೊ ಸುಮಾರು 180 ಡಿಗ್ರಿ ತಿರುಗಬಲ್ಲುದು. ಹೆಚ್ಚು ತಿರುಗಲು ಹೆಚ್ಚು ಹೊತ್ತು ಬೇಕು, ನಿಜ. ಆದರೆ ಸ್ಪೂಲು ಒಂದು ಸುತ್ತು ಬರುವಷ್ಟರಲ್ಲಿ ಉಂಗುರ ಸರಿಯಬೇಕಾದದ್ದು 1.75 ಮಿ.ಮೀ. ಮಾತ್ರ. ಬಲಕ್ಕಾಗಿ ಅವನು ಬಿಟ್ಟುಕೊಟ್ಟದ್ದು ತನಗೆ ಬೇಡದಿದ್ದ ವೇಗವನ್ನು.

ಒಂದು ಎಚ್ಚರಿಕೆಯುಂಟು. ತೋಳು ಕಮಾನಿನಲ್ಲಿ ಚಲಿಸುವುದರಿಂದ, ಸಮ ಡಿಗ್ರಿಗಳಲ್ಲಿ ತಿರುಗಿಸಿದರೆ ಅಂಚುಗಳಲ್ಲಿ ಅಡ್ಡ ಚಲನೆ ಕಡಿಮೆಯಾಗಿ ತಂತು ಅಲ್ಲಿ ಗುಡ್ಡೆಯಾಗುತ್ತದೆ. ಕಾಗದದ ಮೇಲೆ ಕಮಾನನ್ನು ಬರೆದು, ಸಮ ದೂರಗಳಿಗೆ ತಕ್ಕ ಕೋನಗಳನ್ನು ಅಳೆದು ಪ್ರೋಗ್ರಾಮಿಗೆ ಕೊಡಬೇಕು.

ಬಲವನ್ನು ಹೆಚ್ಚಿಸುವಂತೆ ತಡೆಯನ್ನು ತಗ್ಗಿಸುವುದೂ ಉಪಾಯವೇ. ತಂತು ಹೊರಡುವ ಸ್ಥಿರ ಬಿಂದು ಉಂಗುರದ ಹಿಂದೆ 15 ಸೆಂ.ಮೀ.ನಲ್ಲಿತ್ತು. ಉಂಗುರ ನಡುವಿನಿಂದ 3 ಸೆಂ.ಮೀ. ಸರಿದಾಗ, ತಂತುವಿನ ಬಿಗಿತದಲ್ಲಿ ಸುಮಾರು ಐದನೆಯ ಒಂದು ಪಾಲು ಅದನ್ನು ಹಿಂದಕ್ಕೆ ಎಳೆಯುತ್ತಿತ್ತು. ಆ ಬಿಂದುವನ್ನು 45 ಸೆಂ.ಮೀ. ದೂರಕ್ಕೆ ಒಯ್ದೆವು, ಎಳೆತ ಹದಿನೈದನೆಯ ಒಂದು ಪಾಲಿಗೆ ಇಳಿಯಿತು. ಒರಟು ಉಂಗುರದ ಬದಲು ನುಣುಪಾದ ಪುಟ್ಟ ಗಾಲಿಗಳನ್ನು ಕೂರಿಸಿದೆವು. ಸರ್ವೊಗೆ ಪ್ರತ್ಯೇಕ 5 ವೋಲ್ಟಿನ ವಿದ್ಯುತ್ತನ್ನು ಕೊಟ್ಟು, ಋಣ ತಂತಿಯನ್ನು ನಿಯಂತ್ರಕ ಫಲಕದ ಋಣ ತಂತಿಗೆ ಜೋಡಿಸಿದೆವು. ನಡುಕ ನಿಂತಿತು. ಹೊಸ ಮೋಟರು ಬೇಕಾಗಲಿಲ್ಲ.

ಪಾಲಕರೇ, ಹುಡುಗನಿಗೆ ವಿಜ್ಞಾನ ತಿಳಿದಿತ್ತು. ವಿವರಪತ್ರದ ಇಂಗ್ಲಿಷ್ ಮಾತು ತನ್ನ ಪಾಠದ ಮಾತೇ ಎಂಬುದು ತಿಳಿದಿರಲಿಲ್ಲ. ಮನೆಗೆ ಯಾವ ಯಂತ್ರ ಬಂದರೂ ಅದರ ಮೇಲಿನ ಅಂಕಿಯನ್ನು ಮಕ್ಕಳಿಗೆ ತೋರಿಸಿ, ಅದು ಯಾವ ಪಾಠಕ್ಕೆ ಸೇರಿದ್ದೆಂದು ಕೇಳಿರಿ.

ವಿದ್ಯಾರ್ಥಿಗಳೇ, ಈ ವಾರ ಮನೆಯ ಬಾಗಿಲನ್ನು ಒಮ್ಮೆ ಹಿಡಿಕೆಯ ಬಳಿ, ಒಮ್ಮೆ ಕೀಲಿನ ಬಳಿ ಒಂದೇ ಬೆರಳಿನಿಂದ ತಳ್ಳಿ ನೋಡಿರಿ. ಎಲ್ಲಿ ಹೆಚ್ಚು ಬಲ ಬೇಕಾಯಿತು, ಎಲ್ಲಿ ಬೆರಳು ಹೆಚ್ಚು ದೂರ ಸಾಗಿತು ಎಂಬುದನ್ನು ಬರೆದಿಡಿರಿ.