ವೃಷಣದ ಅರ್ಬುದವೂ ನಮ್ಮ ಲಜ್ಜೆಯೂ

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ತರುಣನೊಬ್ಬನು ವೃಷಣದಲ್ಲಿ ನೋವಿಲ್ಲದ ಗಂಟನ್ನು ಕಂಡರೆ, ಪೆಟ್ಟಿನ ಬಾವೆಂದೋ ಅಂಡವಾಯುವೆಂದೋ ಬಗೆದು ಲಜ್ಜೆಯಿಂದ ಮುಚ್ಚಿಡುವುದುಂಟು. ಅರ್ಬುದವೂ ಹೀಗೆಯೇ ತಲೆದೋರುತ್ತದೆ. ಬಾಧಿಸುವುದೂ ಹೆಚ್ಚಾಗಿ 15ರಿಂದ 40ರ ವಯಸ್ಸಿನವರನ್ನೇ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಸೆಮಿನೋಮವು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವುದು. ವಿಕಿರಣಕ್ಕೆ ಸುಲಭವಾಗಿ ಮಣಿಯುವುದು. ಸೆಮಿನೋಮವಲ್ಲದವು ಬೇಗ ಹರಡುವುವು, ವಿಕಿರಣಕ್ಕೆ ಅಷ್ಟಾಗಿ ಜಗ್ಗವು. ರಕ್ತದಲ್ಲಿ ಆಲ್ಫಾ ಫೀಟೋಪ್ರೋಟೀನ್ ಏರಿದ್ದರೆ ಅದು ಶುದ್ಧ ಸೆಮಿನೋಮವಲ್ಲವೆಂದು ವೈದ್ಯರು ತಿಳಿಯುತ್ತಾರೆ. ಆದರೆ ಎರಡನ್ನೂ, ಹರಡಿದ ಮೇಲೂ, ಬಹುಪಾಲು ಗುಣಪಡಿಸಬಲ್ಲ ಔಷಧವೊಂದುಂಟು: ಸಿಸ್‌ಪ್ಲಾಟಿನ್. ವಿದ್ಯುತ್ ಹರಿಸಿದ ಪ್ಲಾಟಿನಂ ತಂತುಗಳ ನಡುವೆ ಬ್ಯಾಕ್ಟೀರಿಯಗಳ ವಿಭಜನೆ ನಿಂತುಹೋದುದನ್ನು 1965ರಲ್ಲಿ ಪ್ರಕಟಿಸಿದ ಬಾರ್ನೆಟ್ ರೋಸೆನ್‌ಬರ್ಗ್‌ರಿಂದ ಇದರ ಕಥೆ ಮೊದಲಾಯಿತು. ಅವರು ಭೌತವಿಜ್ಞಾನಿ ಎಂಬುದು ನನಗೆ ಕೊಂಚ ಹೆಮ್ಮೆಯೇ!

ಹೃದಯ, ಶ್ವಾಸಕೋಶಗಳ ಪಾಠದಂತೆ ಇದನ್ನೂ ನಮ್ಮ ಕಾಲೇಜುಗಳಲ್ಲಿ ಸಂಕೋಚವಿಲ್ಲದೆ ಹೇಳಬೇಕು. ಗಂಟು ಕಂಡವನು ಅದೇ ವಾರ ಆಸ್ಪತ್ರೆಗೆ ಹೋಗಿ ಶ್ರವಣಾತೀತ ತರಂಗಗಳ ಪರೀಕ್ಷೆ ಮಾಡಿಸಿಕೊಳ್ಳಲಿ.